ನೆರಳು ಬಿದ್ದಷ್ಟೇ ಎತ್ತರ

1975ರ ಅಕ್ಟೋಬರ್ 22ರಂದು ಸೋವಿಯತ್ ನೌಕೆ ವೆನೆರಾ-9 ಶುಕ್ರಗ್ರಹದ ನೆಲಕ್ಕಿಳಿದು ಒಂದು ಚಿತ್ರ ಕಳಿಸಿತು. ಚೂಪು ಅಂಚಿನ ಚಪ್ಪಟೆ ಕಲ್ಲುಗಳು, ಅವುಗಳ ಸಂದಿಯಲ್ಲಿ ಮಣ್ಣು, ಮೂಲೆಯಲ್ಲಿ ಓರೆಯಾಗಿ ಕಾಣುವ ದಿಗಂತ. ಭೂಮಿಯಲ್ಲದ ಇನ್ನೊಂದು ಗ್ರಹದ ನೆಲದ ಮೇಲಿಂದ ಮನುಷ್ಯರಿಗೆ ದಕ್ಕಿದ ಮೊತ್ತಮೊದಲ ಚಿತ್ರ ಅದು. ಅಲ್ಲಿನ ಶಾಖಕ್ಕೆ ಸೀಸ ಕರಗುತ್ತದೆ. ಗಾಳಿಯ ಒತ್ತಡ ನಮ್ಮಲ್ಲಿಯದರ ತೊಂಬತ್ತು ಪಟ್ಟು. ಅಂಥ ಕಡೆ ಆ ನೌಕೆ 53 ನಿಮಿಷ ಉಸಿರು ಹಿಡಿದು ಕೆಲಸ ಮಾಡಿತು. ಇದಾದ ಒಂಬತ್ತು ತಿಂಗಳಿಗೆ, 1976ರ ಜುಲೈ 20ರಂದು, ಅಮೆರಿಕದ ವೈಕಿಂಗ್-1 ಮಂಗಳದ ಮೇಲಿಳಿದು ಚಿತ್ರ ಕಳಿಸಿತು. ಅನ್ಯಗ್ರಹದ ನೆಲದ ಮೊದಲ ಚಿತ್ರ ಯಾವುದೆಂದು ಓದುಬರಹ ಬಲ್ಲ ಅಮೆರಿಕನ್ನರನ್ನು ಕೇಳಿದರೆ ವೈಕಿಂಗ್ ಎಂಬ ಉತ್ತರ ಬರುವ ಸಂಭವವೇ ಹೆಚ್ಚು. ವೆನೆರಾ ಎಂಬ ಹೆಸರೇ ಅಲ್ಲಿ ಬಹಳ ಮಂದಿಯ ಕಿವಿಗೆ ಬಿದ್ದಿಲ್ಲ.

ಅದೇ ಜನಕ್ಕೆ ಸ್ಪುಟ್ನಿಕ್ ಚೆನ್ನಾಗಿ ಗೊತ್ತು. ಯಾವ ವರ್ಷ ಎಂಬುದು ಗೊತ್ತು, ಅದು ಮಾಡಿದ ಬೀಪ್ ಸದ್ದೂ ಗೊತ್ತು. ಎರಡೂ ಒಂದೇ ದೇಶದ ಕೆಲಸ. ಕೆಲಸದ ಕಷ್ಟವನ್ನಷ್ಟೇ ತಕ್ಕಡಿಗೆ ಹಾಕಿದರೆ ಶುಕ್ರನ ಆ ಚಿತ್ರದ ಕಡೆಯೇ ತಟ್ಟೆ ವಾಲೀತು ಎಂದು ನನಗನ್ನಿಸುತ್ತದೆ. ಆದರೂ ಒಂದು ನೆನಪಿನಲ್ಲಿ ಗಟ್ಟಿಯಾಗಿ ಕೂತಿತು, ಇನ್ನೊಂದು ಜಾರಿಹೋಯಿತು. ಅಮೆರಿಕನ್ನರಿಗೆ ಹೊರಜಗತ್ತಿನ ತಿಳಿವಳಿಕೆ ಕಡಿಮೆ ಎಂದು ನಕ್ಕು ಸುಮ್ಮನಾಗಬಹುದು. ಆದರೆ ಪಕ್ಕದ ಮನೆಯವರು ಮಹಡಿ ಎಬ್ಬಿಸಿದರೆ ನಮಗೂ ಅದರ ಎತ್ತರ ಲೆಕ್ಕಕ್ಕೆ ಬರುವುದು ನಮ್ಮ ಅಂಗಳಕ್ಕೆ ನೆರಳು ಬಿದ್ದಷ್ಟೇ. ಸ್ಪುಟ್ನಿಕ್ಕಿನ ನೆರಳು ಅಮೆರಿಕದ ಅಂಗಳಕ್ಕೆ ಬಿತ್ತು. ಶುಕ್ರನ ಕಲ್ಲುಗಳಿಂದ ಯಾರ ಬಿಸಿಲಿಗೂ ಅಡ್ಡಿಯಾಗಲಿಲ್ಲ.

ಸ್ಪುಟ್ನಿಕ್ ಗುಟ್ಟಿನಲ್ಲಿ ಹಾರಿದ್ದಲ್ಲ ಎಂಬುದನ್ನು ಮೊದಲು ಹೇಳಬೇಕು. ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಉಪಗ್ರಹ ಹಾರಿಸುತ್ತೇವೆಂದು 1955ರಲ್ಲೇ ಎರಡೂ ದೇಶಗಳು ಸಾರಿದ್ದವು. ಯಾವ ತರಂಗಾಂತರದಲ್ಲಿ ಅದರ ಸಂಕೇತ ಕೇಳಿಸುತ್ತದೆ ಎಂಬುದನ್ನು ಸೋವಿಯತ್ ಹವ್ಯಾಸಿ ರೇಡಿಯೊ ಪತ್ರಿಕೆಯೊಂದು ತಿಂಗಳುಗಳ ಮೊದಲೇ ಅಚ್ಚು ಹಾಕಿತ್ತು. ಅಮೆರಿಕದಲ್ಲಿ ಅದನ್ನು ಗಂಭೀರವಾಗಿ ತೆಗೆದುಕೊಂಡವರು ಕಡಿಮೆ. 1957ರ ಅಕ್ಟೋಬರ್ 4ರ ಸಂಜೆ ವಾಷಿಂಗ್ಟನ್ನಿನ ಸೋವಿಯತ್ ರಾಯಭಾರ ಕಚೇರಿಯಲ್ಲಿ ವಿಜ್ಞಾನಿಗಳಿಗೆ ಔತಣವಿತ್ತು. ನ್ಯೂಯಾರ್ಕ್ ಟೈಮ್ಸ್‌ನ ವರದಿಗಾರ ವಾಲ್ಟರ್ ಸಲ್ಲಿವನ್ ಅವರಿಗೆ ಫೋನ್ ಬಂತು; ಉಪಗ್ರಹ ಕಕ್ಷೆ ಸೇರಿದೆ ಎಂದು ಮಾಸ್ಕೋ ಹೇಳಿದೆ ಎಂಬ ಸುದ್ದಿ. ಅಮೆರಿಕದ ವಿಜ್ಞಾನಿ ಲಾಯ್ಡ್ ಬರ್ಕ್‌ನರ್ ಎಲ್ಲರ ಗಮನ ಸೆಳೆದು ಆ ಸುದ್ದಿ ತಿಳಿಸಿದರು, ಆತಿಥೇಯರನ್ನು ಅಭಿನಂದಿಸಿದರು. ನೆರೆದವರು ಚಪ್ಪಾಳೆ ತಟ್ಟಿದರು. ಅಂದರೆ ಈ ಸಾಧನೆಗೆ ಅಮೆರಿಕದ ನೆಲದಲ್ಲಿ ಸಿಕ್ಕ ಮೊದಲ ಪ್ರತಿಕ್ರಿಯೆ ಚಪ್ಪಾಳೆ. ಗಾಬರಿ ಮರುದಿನದ್ದು.

ಗಾಬರಿಗೂ ಮೊದಲು ಮೂಗು ಮುರಿಯುವ ಕೆಲಸ ನಡೆಯಿತು. ನೌಕಾಪಡೆಯ ಸಂಶೋಧನಾ ವಿಭಾಗದ ಮುಖ್ಯಸ್ಥ ರಾಸನ್ ಬೆನೆಟ್ ಅವರಿಗೆ ಅದು ಯಾರು ಬೇಕಾದರೂ ಹಾರಿಸಬಹುದಾದ ಕಬ್ಬಿಣದ ತುಂಡಾಗಿ ಕಂಡಿತು. ರಷ್ಯನ್ನರ ಹತ್ತಿರ ಇರುವ ಜರ್ಮನರು ನಮ್ಮ ಹತ್ತಿರ ಇರುವ ಜರ್ಮನರಿಗಿಂತ ಜಾಣರು ಎಂಬ ಚಟಾಕಿಯೂ ಓಡಾಡಿತು. ನಿಜವೆಂದರೆ ಯುದ್ಧದ ನಂತರ ರಷ್ಯಕ್ಕೆ ಒಯ್ದಿದ್ದ ಜರ್ಮನ್ ಎಂಜಿನಿಯರುಗಳ ಪೈಕಿ ಬಹುತೇಕರು ಅಷ್ಟರೊಳಗೆ ಊರು ಸೇರಿದ್ದರು, ಸ್ಪುಟ್ನಿಕ್ಕನ್ನು ಹೊತ್ತ ಆರ್-7 ರಾಕೆಟ್ಟಿನಲ್ಲಿ ಅವರ ಪಾಲು ಅತ್ಯಲ್ಪ. ಜರ್ಮನರನ್ನು ನೆಚ್ಚಿದ್ದವರು ಯಾರೆಂದರೆ ಅಮೆರಿಕದವರೇ. ಎದುರಾಳಿ ಗೆದ್ದಾಗ ಆ ಗೆಲುವು ಅವನದಲ್ಲ, ಬೇರೆ ಯಾರದೋ ಎಂದು ತೋರಿಸುವುದು ಬಹಳ ಹಳೆಯ ಸಮಾಧಾನ.

ಆ ಸಮಾಧಾನ ಬಾಳಲಿಲ್ಲ. 83.6 ಕಿಲೋ ತೂಕದ ಗುಂಡು ತಲೆಯ ಮೇಲೆ ಸುತ್ತುತ್ತಿತ್ತು. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಜನ ಹಿತ್ತಲಿಗೆ ಬಂದು ಆಕಾಶ ನೋಡಿದರು. ಅವರಿಗೆ ಕಂಡದ್ದು ಬಹುಮಟ್ಟಿಗೆ ಉಪಗ್ರಹವಲ್ಲ, ಅದರ ಹಿಂದೆಯೇ ಸುತ್ತುತ್ತಿದ್ದ ರಾಕೆಟ್ಟಿನ ಖಾಲಿ ಒಡಲು. ನವೆಂಬರ್ 3ರಂದು ಲೈಕಾ ಎಂಬ ನಾಯಿಯನ್ನು ಹೊತ್ತು ಅರ್ಧ ಟನ್ ತೂಕದ ಎರಡನೆಯ ಸ್ಪುಟ್ನಿಕ್ ಹಾರಿತು. ಡಿಸೆಂಬರ್ 6ರಂದು ಅಮೆರಿಕದ ವ್ಯಾನ್‌ಗಾರ್ಡ್, ಸುಮಾರು ಒಂದೂವರೆ ಕಿಲೋ ತೂಕದ ಉಪಗ್ರಹವನ್ನು ಹೊತ್ತು, ಟಿವಿ ಕ್ಯಾಮೆರಾಗಳ ಕಣ್ಣೆದುರಿಗೇ ನೆಲ ಬಿಟ್ಟು ಒಂದು ಮೀಟರಿನಷ್ಟು ಮೇಲೆದ್ದು ಕುಸಿದು ಉರಿದುಹೋಯಿತು. ಪತ್ರಿಕೆಗಳು ಅದಕ್ಕೆ ಫ್ಲಾಪ್ನಿಕ್, ಕಪುಟ್ನಿಕ್ ಎಂದು ಹೆಸರಿಟ್ಟವು. ಗೆದ್ದವರನ್ನು ಹೊಗಳಲು ಬಾರದಿದ್ದರೂ ತಮ್ಮವರನ್ನು ಗೇಲಿ ಮಾಡುವ ಸ್ವಾತಂತ್ರ್ಯ ಆ ಪತ್ರಿಕೆಗಳಿಗಿತ್ತು. ಮುಂದೆ ಹೇಳಬೇಕಾದ ಸಂಗತಿಗಳಿಗೆ ಇದು ಬೇಕು.

1958ರಲ್ಲಿ ಲೈಫ್ ಪತ್ರಿಕೆ ಮಾಸ್ಕೋದ ಒಬ್ಬ ಹುಡುಗನ ಮತ್ತು ಶಿಕಾಗೋದ ಒಬ್ಬ ಹುಡುಗನ ಶಾಲಾದಿನಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿತು: ಅಲ್ಲಿಯವನು ಗಂಭೀರವಾಗಿ ಓದುತ್ತಾನೆ, ಇಲ್ಲಿಯವನು ಆರಾಮವಾಗಿದ್ದಾನೆ. ಅದೇ ವರ್ಷ ಜುಲೈಯಲ್ಲಿ ನಾಸಾ ಕಾಯ್ದೆ, ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ. ಗಣಿತ, ವಿಜ್ಞಾನ, ವಿದೇಶಿ ಭಾಷೆಗಳಿಗೆ ಹಣ ಹರಿಯಿತು. ಹೆದರಿಕೆಯಿಂದ ಇಷ್ಟು ಒಳ್ಳೆಯ ಕೆಲಸ ಆದದ್ದು ಅಪರೂಪ. ಆದರೆ ಈ ಎಲ್ಲ ಗದ್ದಲದಲ್ಲಿ ಅಮೆರಿಕದ ಓದುಗ ಸ್ಪುಟ್ನಿಕ್ಕಿನ ಬಗ್ಗೆ ತಿಳಿದದ್ದೇನು? ಅದನ್ನು ಮಾಡಿದವರು ಯಾರು, ಹೇಗೆ ಮಾಡಿದರು, ಏನು ಅನುಭವಿಸಿ ಮಾಡಿದರು ಎಂಬುದಲ್ಲ. ನಮ್ಮ ಶಾಲೆ ಸರಿಯಿಲ್ಲ, ನಮ್ಮ ಅಧ್ಯಕ್ಷ ಗಾಲ್ಫ್ ಆಡುತ್ತಾ ಕೂತಿದ್ದಾನೆ, ನಮ್ಮ ಮಕ್ಕಳು ಮೈಗಳ್ಳರು. ಎಲ್ಲವೂ ನಮ್ಮದೇ. ಇಂದಿಗೂ ಅಮೆರಿಕದ ಪಠ್ಯಗಳಲ್ಲಿ, ಸಿನಿಮಾಗಳಲ್ಲಿ ಸ್ಪುಟ್ನಿಕ್ ಕಾಣಿಸಿಕೊಳ್ಳುವುದು ಮೊದಲ ಅಧ್ಯಾಯದಲ್ಲಿ, ಎಚ್ಚರಿಸುವ ಗಂಟೆಯಾಗಿ. ಗಂಟೆ ಬಾರಿಸಿತು, ನಾವೆದ್ದೆವು, ಚಂದ್ರನಿಗೆ ಹೋದೆವು. ಗಂಟೆ ಬಾರಿಸಿದವನ ಕಥೆ ಅಲ್ಲಿಗೆ ಮುಗಿಯಿತು.

ಇದರಲ್ಲಿ ಒಂದು ತಮಾಷೆಯೂ ಇದೆ. ಸ್ಪುಟ್ನಿಕ್ ಹಾರಿದ ಮರುದಿನ ಪ್ರಾವ್ದಾ ಪತ್ರಿಕೆ ಆ ಸುದ್ದಿಯನ್ನು ಮೊದಲ ಪುಟದಲ್ಲಿ ಸಣ್ಣದಾಗಿ ಹಾಕಿತ್ತು. ಅಮೆರಿಕ ತಲ್ಲಣಿಸಿದ್ದು ತಿಳಿದ ಮೇಲೆ, ಅದರ ಮಾರನೆಯ ದಿನ, ಪುಟದಗಲ ತಲೆಬರಹ ಬಂತು. ತಾನು ಮಾಡಿದ್ದು ಎಷ್ಟು ದೊಡ್ಡದೆಂದು ಮಾಸ್ಕೋಗೂ ತಿಳಿದದ್ದು ಎದುರಾಳಿಯ ಮುಖ ನೋಡಿದ ಮೇಲೆಯೇ.

ಗಗಾರಿನ್ನನ ವಿಷಯ ಹೆಚ್ಚು ಬೆಳೆಸಬೇಕಿಲ್ಲ. 1961ರ ಏಪ್ರಿಲ್ 12, 108 ನಿಮಿಷ, ಇಡೀ ಲೋಕ ಬಲ್ಲ ಮುಗುಳ್ನಗೆ. ಆ ನಸುಕಿನಲ್ಲಿ ಪತ್ರಕರ್ತರೊಬ್ಬರ ಫೋನಿಗೆ ನಿದ್ದೆಗಣ್ಣಿನಲ್ಲಿ ಎದ್ದ ನಾಸಾ ವಕ್ತಾರ ಜಾನ್ ಪವರ್ಸ್, ಇಲ್ಲಿ ನಾವೆಲ್ಲ ಮಲಗಿದ್ದೇವೆ ಎಂಬರ್ಥದ ಮಾತಾಡಿ ರೇಗಿದರು. ಅಮೆರಿಕ ಮಲಗಿದೆ ಎಂದು ವಕ್ತಾರರ ಹೇಳಿಕೆ ಅಂತ ಅದೇ ತಲೆಬರಹವಾಯಿತು. ಗಗಾರಿನ್ ಭೂಮಿ ಸುತ್ತಿದ ದಿನವೂ ಸುದ್ದಿಯ ತಿರುಳು ಅಮೆರಿಕದ ನಿದ್ದೆ.

ಬಾಹ್ಯಾಕಾಶಕ್ಕೆ ಹೋದ ಮೊದಲ ಮಹಿಳೆ ವ್ಯಾಲೆಂಟಿನಾ ತೆರೆಶ್ಕೋವಾ ಅವರದು ಇನ್ನೂ ವಿಚಿತ್ರ. 1963ರ ಜೂನ್ 16ರಂದು ಹೊರಟ ಆಕೆ 48 ಸುತ್ತು ಸುತ್ತಿ ಸುಮಾರು 71 ಗಂಟೆ ಬಾಹ್ಯಾಕಾಶದಲ್ಲಿದ್ದರು. ಆವರೆಗೆ ಹಾರಿದ ಆರೂ ಅಮೆರಿಕನ್ ಗಗನಯಾತ್ರಿಗಳ ಸಮಯವನ್ನು ಕೂಡಿಸಿದರೂ ಅಷ್ಟಾಗುತ್ತಿರಲಿಲ್ಲ. ಇದು ಬರೀ ಪ್ರಚಾರದ ಆಟ ಎಂದು ಅಮೆರಿಕದಲ್ಲಿ ಅನೇಕರು ತಳ್ಳಿಹಾಕಿದರು. ಆ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ: ಆಮೇಲೆ 1982ರಲ್ಲಿ ಸ್ವೆತ್ಲಾನಾ ಸವಿತ್ಸ್ಕಾಯಾ ಹೋಗುವವರೆಗೆ ಸೋವಿಯತ್ ದೇಶ ಇನ್ನೊಬ್ಬ ಹೆಣ್ಣುಮಗಳನ್ನು ಮೇಲೆ ಕಳಿಸಲಿಲ್ಲ. ಆದರೆ ಪ್ರಚಾರಕ್ಕೆಂದು ಮಾಡಿದ್ದೂ ಸಾಧನೆಯಾಗಿರಬಲ್ಲದು. ಕೋಶದೊಳಗೆ ಮೂರು ದಿನ ಕೂತವರು ಸೋವಿಯತ್ ನಾಯಕ ಕ್ರುಶ್ಚೇವ್ ಅಲ್ಲ, ಜವಳಿ ಗಿರಣಿಯಲ್ಲಿ ದುಡಿದು ಬಂದ ಇಪ್ಪತ್ತಾರು ವರ್ಷದ ಹೆಣ್ಣುಮಗಳು. ಹಿಂದಿನ ವರ್ಷವಷ್ಟೇ ಅಮೆರಿಕದ ಸಂಸತ್ತಿನ ಸಮಿತಿಯೊಂದರ ಮುಂದೆ ಗಗನಯಾತ್ರಿ ಜಾನ್ ಗ್ಲೆನ್, ಹೆಂಗಸರು ಈ ಕ್ಷೇತ್ರದಲ್ಲಿ ಇಲ್ಲದಿರುವುದು ನಮ್ಮ ಸಮಾಜವ್ಯವಸ್ಥೆಯ ವಾಸ್ತವ ಎಂದಿದ್ದರು. ಗಗನಯಾತ್ರಿಗಳ ವೈದ್ಯಕೀಯ ಪರೀಕ್ಷೆಗಳಲ್ಲಿ ತೇರ್ಗಡೆಯಾದ ಹದಿಮೂರು ಅಮೆರಿಕನ್ ಹೆಣ್ಣುಮಕ್ಕಳು ಆಗ ನೆಲದ ಮೇಲೆ ಕಾಯುತ್ತಿದ್ದರು. ಈ ಸಂಗತಿಯನ್ನು ಎತ್ತಿ ಆಡಿ ಲೈಫ್ ಪತ್ರಿಕೆಯಲ್ಲಿ ಕಟುವಾಗಿ ಬರೆದವರು ಕ್ಲೇರ್ ಬೂತ್ ಲೂಸ್. ಆಕೆ ಕಟ್ಟಾ ಕಮ್ಯುನಿಸ್ಟ್ ವಿರೋಧಿ. ಎದುರಾಳಿಯನ್ನು ಒಪ್ಪದೆಯೂ ಅವನ ಕೆಲಸವನ್ನು ಕಣ್ಣು ತೆರೆದು ನೋಡಬಹುದು ಎನ್ನಲು ಆ ಕಾಲದಲ್ಲಿ ನನಗೆ ಸಿಗುವ ಒಳ್ಳೆಯ ಸಾಕ್ಷಿ ಆಕೆ. ಅಮೆರಿಕದ ಸ್ಯಾಲಿ ರೈಡ್ ಹಾರಿದ್ದು ಇಪ್ಪತ್ತು ವರ್ಷಗಳ ಮೇಲೆ, 1983ರಲ್ಲಿ. ಆಕೆಯ ಹೆಸರಿನ ಹಿಂದಿರುವ ‘ಮೊದಲ ಅಮೆರಿಕನ್ ಮಹಿಳೆ’ ಎಂಬಲ್ಲಿಂದ ನಡುವಿನ ಪದ ಎಷ್ಟೋ ಬಾರಿ ತಾನಾಗಿಯೇ ಉದುರಿಹೋಗುತ್ತದೆ.

ಇಷ್ಟಾಗಿ, ತಿಳಿಯದಿದ್ದವರ ಮೇಲೆಯೇ ಎಲ್ಲ ತಪ್ಪು ಹೊರಿಸುವುದು ನ್ಯಾಯವಲ್ಲ. ತಿಳಿಸಬೇಕಾದವರು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಸ್ಪುಟ್ನಿಕ್, ಗಗಾರಿನ್, ತೆರೆಶ್ಕೋವಾ ಎಲ್ಲದರ ಹಿಂದಿದ್ದ ಸೆರ್ಗೇಯ್ ಕೊರೊಲ್ಯೋವ್ ಅವರ ಹೆಸರು ಬದುಕಿರುವವರೆಗೆ ಹೊರಬರಲಿಲ್ಲ. ಪತ್ರಿಕೆಗಳಲ್ಲಿ ಅವರು ಬರಿಯ ‘ಮುಖ್ಯ ವಿನ್ಯಾಸಕ’. ತಾವೇ ಪ್ರಾವ್ದಾಕ್ಕೆ ಬರೆದಾಗಲೂ ಸುಳ್ಳು ಹೆಸರು. ಸ್ಟಾಲಿನ್ ಕಾಲದಲ್ಲಿ ಕೊಲಿಮಾದ ಚಿನ್ನದ ಗಣಿಯಲ್ಲಿ ಕೈದಿಯಾಗಿ ಹಲ್ಲು ಕಳೆದುಕೊಂಡ ಈ ಮನುಷ್ಯನ ಹೆಸರು, ಚಿತ್ರ ಲೋಕಕ್ಕೆ ಸಿಕ್ಕಿದ್ದು 1966ರ ಜನವರಿಯಲ್ಲಿ, ಶ್ರದ್ಧಾಂಜಲಿಯ ಪುಟದಲ್ಲಿ. ಅಷ್ಟರಲ್ಲಿ ಜರ್ಮನ್ ಮೂಲದ ರಾಕೆಟ್ ತಜ್ಞ ವರ್ನರ್ ಫಾನ್ ಬ್ರೌನ್ ಅಮೆರಿಕದ ಮನೆಮಾತಾಗಿದ್ದರು. ಡಿಸ್ನಿಯ ಟಿವಿ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಬಾಹ್ಯಾಕಾಶದ ಪಾಠ ಹೇಳಿದ್ದರು. ಅವರ ವಿ-2 ರಾಕೆಟ್ಟುಗಳನ್ನು ಯುದ್ಧಕಾಲದಲ್ಲಿ ಸುರಂಗದೊಳಗೆ ಜೋಡಿಸುತ್ತಾ ಸತ್ತ ಸಾವಿರಾರು ಕೈದಿಗಳ ವಿಷಯ ಆ ಪಾಠದಲ್ಲಿರಲಿಲ್ಲ. ಒಬ್ಬರ ಹೆಸರನ್ನು ಮುಚ್ಚಿಟ್ಟರು, ಇನ್ನೊಬ್ಬರ ಹಿಂದಿನದನ್ನು ಮುಚ್ಚಿಟ್ಟರು.

ಗುಟ್ಟು ಮಾಡಿದ ಕಡೆ ಅಂತೆಕಂತೆಗಳು ಬೆಳೆಯುತ್ತವೆ. ಗಗಾರಿನ್ನನಿಗೂ ಮೊದಲು ಹೋಗಿ ಸತ್ತ ಸೋವಿಯತ್ ಯಾತ್ರಿಗಳ ಕೊನೆಯ ಉಸಿರನ್ನು ರೇಡಿಯೊದಲ್ಲಿ ಹಿಡಿದೆವೆಂದು ಇಟಲಿಯ ಟೂರಿನ್ನಿನ ಇಬ್ಬರು ಸಹೋದರರು ಹೇಳಿಕೊಂಡರು. ಪಶ್ಚಿಮದಲ್ಲಿ ಈ ಕಥೆಗಳನ್ನು ಎಷ್ಟೋ ಜನ ನಂಬಿದರು. ನಂಬುವಂಥ ಪುರಾವೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಆದರೆ ನಿಜವಾಗಿ ಸತ್ತವನೊಬ್ಬನಿದ್ದ. ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ವ್ಯಾಲೆಂಟಿನ್ ಬೊಂದರೆಂಕೊ, ವಯಸ್ಸು 24, ಗಗಾರಿನ್ನನ ಜೊತೆಗಾರ. 1961ರ ಮಾರ್ಚ್ 23ರಂದು, ಗಗಾರಿನ್ ಹಾರುವುದಕ್ಕೆ ಮೂರು ವಾರ ಕೂಡ ಇಲ್ಲದಾಗ, ಆಮ್ಲಜನಕ ಹೆಚ್ಚಿದ್ದ ಮುಚ್ಚಿದ ಕೋಣೆಯಲ್ಲಿ ಒಂಟಿವಾಸದ ಪರೀಕ್ಷೆಯಲ್ಲಿದ್ದ. ಮೈಗಂಟಿಸಿದ್ದ ಉಪಕರಣಗಳನ್ನು ತೆಗೆದು ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿಕೊಂಡು, ನೋಡದೆ ಎಸೆದ. ಅದು ಬಿಸಿಯಾಗಿದ್ದ ಒಲೆಯ ಮೇಲೆ ಬಿತ್ತು. ಕೆಲವು ಗಂಟೆಗಳಲ್ಲಿ ಅವನು ಸತ್ತ. 1986ರಲ್ಲಿ ಇಜ್ವೆಸ್ತಿಯಾ ಪತ್ರಿಕೆಯಲ್ಲಿ ಯಾರೊಸ್ಲಾವ್ ಗೊಲೊವಾನೊವ್ ಬರೆಯುವವರೆಗೆ ಸೋವಿಯತ್ ಓದುಗರಿಗೂ ಈ ಸುದ್ದಿಯಿಲ್ಲ. ಇಲ್ಲದ ಸತ್ತವರಿಗಾಗಿ ಲೋಕ ಮರುಗಿತು, ಇದ್ದು ಸತ್ತವನ ಹೆಸರೂ ಅದಕ್ಕೆ ತಿಳಿಯಲಿಲ್ಲ.

1967ರ ಜನವರಿ 27ರಂದು ಅಮೆರಿಕದ ಅಪೊಲೊ-1 ಕೋಶದಲ್ಲಿ, ಶುದ್ಧ ಆಮ್ಲಜನಕದಲ್ಲಿ, ಗ್ರಿಸಮ್, ವೈಟ್, ಚಾಫಿ ಮೂವರೂ ಬೆಂಕಿಗೆ ಬಲಿಯಾದರು. ಬೊಂದರೆಂಕೊನ ಸಾವು ತಿಳಿದಿದ್ದರೆ ಅವರು ಉಳಿಯುತ್ತಿದ್ದರೇ? ಹೌದೆಂದು ಹೇಳುವವರಿದ್ದಾರೆ. ನನಗೆ ಅಷ್ಟು ಧೈರ್ಯವಿಲ್ಲ. ಅಮೆರಿಕದಲ್ಲೇ ಇಂಥ ಆಮ್ಲಜನಕದ ಕೋಣೆಗಳಲ್ಲಿ ಬೆಂಕಿ ಹೊತ್ತಿದ ಪ್ರಸಂಗಗಳು ಮೊದಲೇ ನಡೆದಿದ್ದವು. ಮನೆಯ ಬೆಂಕಿಯಿಂದ ಕಲಿಯದವರು ಪರದೇಶದ ಬೆಂಕಿಯಿಂದ ಕಲಿಯುತ್ತಿದ್ದರು ಎಂಬುದಕ್ಕೆ ಏನು ಭರವಸೆ? ಆದರೂ ಆ ಮೂವರಿಗೆ ಅದನ್ನು ತಿಳಿಯುವ ಹಕ್ಕಿತ್ತು. ಅದೇ ಬಗೆಯ ಕೋಶದಲ್ಲಿ ಕೂರುವವರಿಗೆ ಅದೇ ಬಗೆಯ ಸಾವಿನ ಸುದ್ದಿ ತಲುಪದಂತೆ ಮಾಡಿದ್ದು ಎರಡು ದೇಶಗಳ ನಡುವಿನ ಜಿದ್ದು.

ಗುಟ್ಟು ಒಂದೇ ಕಡೆಯದಾಗಿರಲಿಲ್ಲ. 1957ರ ಆಗಸ್ಟಿನಲ್ಲೇ, ಸ್ಪುಟ್ನಿಕ್ಕಿಗೆ ಎರಡು ತಿಂಗಳ ಮುಂಚೆ, ಅಮೆರಿಕದ ಯು-2 ವಿಮಾನ ಸೋವಿಯತ್ ಉಡ್ಡಯನ ನೆಲೆಯ ಚಿತ್ರ ತೆಗೆದಿತ್ತು. ಕ್ಷಿಪಣಿಗಳಲ್ಲಿ ತಮ್ಮ ದೇಶ ಹಿಂದೆ ಬಿದ್ದಿಲ್ಲವೆಂಬ ಅಂದಾಜು ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಇಂಥ ಚಿತ್ರಗಳಿಂದ ಸಿಕ್ಕಿತ್ತು. ಜನ ಗಾಬರಿಯಲ್ಲಿದ್ದಾಗಲೂ ಅವರು ಅದನ್ನು ಬಾಯಿ ಬಿಟ್ಟು ಹೇಳುವಂತಿರಲಿಲ್ಲ. ಹೇಳಿದರೆ ವಿಮಾನದ ಗುಟ್ಟು ಬಯಲಾಗುತ್ತಿತ್ತು. ಹತ್ತು ವರ್ಷದ ನಂತರ ಇದೇ ಆಟ ತಿರುಗಿ ನಡೆಯಿತು. ಚಂದ್ರನಿಗೆ ಮನುಷ್ಯನನ್ನು ಕಳಿಸಲು ಸೋವಿಯತ್ತರು ಕಟ್ಟುತ್ತಿದ್ದ ನೂರೈದು ಮೀಟರ್ ಎತ್ತರದ ಎನ್-1 ರಾಕೆಟ್ಟನ್ನು ಅಮೆರಿಕದ ಬೇಹುಗಾರಿಕೆ ಉಪಗ್ರಹಗಳು ಕಂಡಿದ್ದವು. ನಾಸಾದ ಮುಖ್ಯಸ್ಥ ಜೇಮ್ಸ್ ವೆಬ್ ಸಂಸತ್ತಿನಲ್ಲಿ ಆ ದೈತ್ಯ ರಾಕೆಟ್ಟಿನ ಮಾತೆತ್ತಿದರೆ, ಬಜೆಟ್ಟಿಗಾಗಿ ಗುಮ್ಮ ತೋರಿಸುತ್ತಿದ್ದಾನೆ ಎಂದು ಜನ ಆಡಿಕೊಂಡರು. ಚಿತ್ರ ತೋರಿಸುವ ಹಾಗಿಲ್ಲ. 1969ರ ಜುಲೈ 3ರಂದು, ಅಪೊಲೊ-11 ಹೊರಡಲು ಎರಡು ವಾರ ಇದ್ದಾಗ, ಎನ್-1 ತನ್ನ ಕಟ್ಟೆಯ ಮೇಲೆಯೇ ಬಿದ್ದು ಸಿಡಿಯಿತು. ಕ್ರೆಮ್ಲಿನ್‌ಗೆ ಗೊತ್ತು, ವಾಷಿಂಗ್ಟನ್ನಿಗೆ ಗೊತ್ತು. ಗೊತ್ತಿಲ್ಲದವರೆಂದರೆ ಎರಡೂ ದೇಶಗಳ ಸಾಮಾನ್ಯ ಜನ. ಪತ್ರಿಕೆಗಳಲ್ಲಿ ಅಲ್ಲೊಂದು ಇಲ್ಲೊಂದು ಸುದ್ದಿ ಸೋರಿತಾದರೂ ನಿಲ್ಲಲಿಲ್ಲ. ಚಂದ್ರನ ಓಟದಲ್ಲಿ ನಾವಿರಲೇ ಇಲ್ಲ ಎಂದು ಮಾಸ್ಕೋ ಹೇಳಿತು. ಅಮೆರಿಕದಲ್ಲೂ ವಾಲ್ಟರ್ ಕ್ರಾಂಕೈಟ್ ಅವರಂಥ ನಂಬಿಕಸ್ಥ ಸುದ್ದಿಗಾರರು ಅದೇ ಧಾಟಿಯಲ್ಲಿ ಮಾತಾಡಿದರು. 1989ರ ಕೊನೆಯಲ್ಲಿ ಎಂಐಟಿಯ ಪ್ರಾಧ್ಯಾಪಕರು ಮಾಸ್ಕೋದ ವಾಯುಯಾನ ಸಂಸ್ಥೆಗೆ ಹೋದಾಗ, ಒಬ್ಬನೇ ಯಾತ್ರಿ ಚಂದ್ರನಿಗಿಳಿಯಲೆಂದು ಮಾಡಿದ್ದ ವಾಹನ ಅಲ್ಲಿ ನಿಂತಿತ್ತು. ಅವರು ಕಂಡದ್ದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಸುದ್ದಿಯಾಯಿತು. ಗೆದ್ದವರಿಗೆ ತಾವು ಯಾರನ್ನು ಗೆದ್ದೆವೆಂಬುದು ಇಪ್ಪತ್ತು ವರ್ಷಗಳ ನಂತರ ಖಚಿತವಾಯಿತು.

ನಮ್ಮ ಕಡೆಯ ಮಾತೊಂದು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಯು. ಆರ್. ರಾವ್ ಅವರ ತಂಡ ಕಟ್ಟಿದ ಆರ್ಯಭಟ 1975ರ ಏಪ್ರಿಲ್ 19ರಂದು ಹಾರಿದ್ದು ಸೋವಿಯತ್ ರಾಕೆಟ್ಟಿನ ಮೇಲೆ. ನವಕರ್ನಾಟಕದ ಮಳಿಗೆಗಳಲ್ಲಿ ಅಗ್ಗದ ಬೆಲೆಗೆ ಸಿಗುತ್ತಿದ್ದ ಸೋವಿಯತ್ ಪುಸ್ತಕಗಳಿಂದ ಗಗಾರಿನ್, ತೆರೆಶ್ಕೋವಾ ನಮ್ಮ ಒಂದು ತಲೆಮಾರಿಗೆ ನೆಂಟರಷ್ಟು ಪರಿಚಿತರಾದರು. ಹಾಗಾಗಿ ಅಮೆರಿಕನ್ನರಿಗಿಂತ ನಮಗೆ ಹೆಚ್ಚು ಗೊತ್ತು ಎಂಬ ಸಣ್ಣ ಹಮ್ಮು ನಮ್ಮಲ್ಲಿ ಕೆಲವರಿಗಿದೆ. ಆ ಪುಸ್ತಕಗಳಲ್ಲಿ ಬೊಂದರೆಂಕೊ ಇರಲಿಲ್ಲ, ಎನ್-1 ಇರಲಿಲ್ಲ, ಕೊಲಿಮಾದ ಗಣಿ ಇರಲಿಲ್ಲ. ಗೆಳೆಯರ ಮನೆಯಿಂದ ಬಂದ ಅರ್ಧ ಸತ್ಯವನ್ನು ನಾವು ಪೂರ್ತಿಯೆಂದು ಓದಿಕೊಂಡೆವು. ಹಗೆಯಂತೆ ಸ್ನೇಹವೂ ಅರ್ಧವನ್ನಷ್ಟೇ ತೋರಿಸಬಲ್ಲದು.

ಈ ಇಡೀ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಸಂಗತಿ. ದೂರದಲ್ಲಿ ಕೂತು ನೋಡುತ್ತಿದ್ದವರಲ್ಲಿ ಜಿದ್ದು ಹೆಚ್ಚು. ಜೀವ ಪಣಕ್ಕಿಟ್ಟು ಓಡುತ್ತಿದ್ದವರಲ್ಲಿ ಅದು ಬಹಳ ಕಡಿಮೆ. ಅಪೊಲೊ-11 ಚಂದ್ರನ ಬಳಿ ಇದ್ದಾಗಲೇ ಸೋವಿಯತ್ತರ ಮಾನವರಹಿತ ಲೂನಾ-15 ಕೂಡ ಅಲ್ಲೇ ಸುತ್ತುತ್ತಿತ್ತು. ಗಗನಯಾತ್ರಿ ಫ್ರ್ಯಾಂಕ್ ಬೋರ್ಮನ್ ಅದೇ ತಿಂಗಳು ರಷ್ಯ ಸುತ್ತಿ ಬಂದಿದ್ದರು. ಅಲ್ಲಿನ ವಿಜ್ಞಾನ ಅಕಾಡೆಮಿಯ ಮುಖ್ಯಸ್ಥ ಕೆಲ್ದಿಶ್ ಅವರನ್ನೇ ನೇರವಾಗಿ ಸಂಪರ್ಕಿಸಿ ವಿಚಾರಿಸಿದರು. ಲೂನಾ-15ರ ಕಕ್ಷೆಯ ವಿವರ ತಂತಿಯಲ್ಲಿ ಬಂತು, ನಿಮ್ಮವರಿಗೆ ಅಡ್ಡ ಬರುವುದಿಲ್ಲ ಎಂಬ ಭರವಸೆಯೊಂದಿಗೆ. ರಾಯಭಾರಿಗಳ ಮೂಲಕ ಹೋಗಿದ್ದರೆ ಎಷ್ಟು ದಿನ ಹಿಡಿಯುತ್ತಿತ್ತೋ. ಜುಲೈ 21ರಂದು, ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಚಂದ್ರನಿಂದ ಮೇಲೇಳುವ ಸುಮಾರು ಎರಡು ಗಂಟೆ ಮುಂಚೆ, ಲೂನಾ-15 ಅಪ್ಪಳಿಸಿ ಪುಡಿಯಾಯಿತು. ಹೊರಡುವ ಮೊದಲು ಆ ಇಬ್ಬರು ಚಂದ್ರನ ಮೇಲೆ ಒಂದು ಸಣ್ಣ ಚೀಲ ಬಿಟ್ಟಿದ್ದರು. ಅದರಲ್ಲಿ ಅಪೊಲೊ-1ರ ಲಾಂಛನದ ಜೊತೆಗೆ, ಆ ವೇಳೆಗೆ ಗತಿಸಿದ್ದ ಸೋವಿಯತ್ ಯಾತ್ರಿಗಳಾದ ಗಗಾರಿನ್ ಮತ್ತು ಕೊಮರೊವ್ ಅವರ ಪದಕಗಳು. ಗತಿಸಿದ ಆ ಯಾತ್ರಿಗಳ ಪತ್ನಿಯರು ಬೋರ್ಮನ್ ಕೈಗೆ ಕೊಟ್ಟಿದ್ದವು ಅವು. ಟಿವಿಯ ಮುಂದೆ ಕೂತು ಗೆದ್ದೆವೆಂದು ಕುಣಿದ ಕೋಟಿ ಜನರಲ್ಲಿ ಆ ಚೀಲದ ಬಗ್ಗೆ ಗೊತ್ತಿದ್ದವರು ಎಷ್ಟು ಮಂದಿ?

1971ರ ಜೂನಿನಲ್ಲಿ ಮೊದಲ ಬಾಹ್ಯಾಕಾಶ ನಿಲ್ದಾಣ ಸಲ್ಯೂತ್‌ನಿಂದ ಮರಳುತ್ತಾ ದೊಬ್ರೊವೊಲ್ಸ್ಕಿ, ವೋಲ್ಕೊವ್, ಪತ್ಸಾಯೆವ್ ತೀರಿಕೊಂಡಾಗ ಅಮೆರಿಕದ ಟಾಮ್ ಸ್ಟ್ಯಾಫರ್ಡ್ ಮಾಸ್ಕೋಗೆ ಹೋಗಿ ಶವಯಾತ್ರೆಯಲ್ಲಿ ಹೆಗಲು ಕೊಟ್ಟರು. ಅದಾಗಿ ತಿಂಗಳು ಕಳೆದು ಅಪೊಲೊ-15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಒಂದು ಫಲಕ ನೆಟ್ಟರು, ಪಕ್ಕದಲ್ಲಿ ಬೊಟ್ಟುದ್ದದ ಅಲ್ಯೂಮಿನಿಯಂ ಬೊಂಬೆ. ಫಲಕದಲ್ಲಿ ಗತಿಸಿದ ಹದಿನಾಲ್ವರ ಹೆಸರು: ಎಂಟು ಮಂದಿ ಅಮೆರಿಕದವರು, ಆರು ಮಂದಿ ಸೋವಿಯತ್ತಿನವರು. ದೇಶ ಬೇರೆ ಮಾಡದೆ ಅಕ್ಷರಾನುಕ್ರಮದಲ್ಲಿ ಬರೆದದ್ದು. ಬೆಲ್ಯಾಯೆವ್ ಹೆಸರಿನ ಕೆಳಗೆ ಚಾಫಿ ಹೆಸರು ಬರುತ್ತದೆ. ಆ ಎರಡರ ನಡುವೆ ಬೊಂದರೆಂಕೊನ ಜಾಗ. ಸ್ಕಾಟ್‌ಗೆ ಆ ಹೆಸರು ಗೊತ್ತಿರುವುದಕ್ಕೆ ದಾರಿಯೇ ಇರಲಿಲ್ಲ. ಎಷ್ಟೇ ಒಳ್ಳೆಯ ಮನಸ್ಸಿದ್ದರೂ ಗೊತ್ತಿಲ್ಲದವನನ್ನು ಗೌರವಿಸಲಾಗುವುದಿಲ್ಲ.

ಸೋವಿಯತ್ ಒಕ್ಕೂಟ ಮುರಿದುಬಿದ್ದ ಮೇಲೆ ಅದರ ಸಾಧನೆಗಳು ಅಮೆರಿಕಕ್ಕೆ ಸಾಮಾನುಗಳ ರೂಪದಲ್ಲಿ ಬಂದವು. 1993ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಸೋದೆಬೀಸ್ ಹರಾಜಿನಲ್ಲಿ ಗಗನಯಾತ್ರಿಗಳ ಅಂಗಿ, ಪತ್ರ, ಕೋಶಗಳೆಲ್ಲ ಬಿಕರಿಯಾದವು. ಚಂದ್ರನ ಮೇಲೆ 39 ಕಿಲೋಮೀಟರ್ ಓಡಿ ನಿಂತಿದ್ದ ಲುನೊಖೋದ್-2 ಎಂಬ ಗಾಡಿಯನ್ನು, ಅದು ನಿಂತಲ್ಲೇ ಇರುವಂತೆ, ರಿಚರ್ಡ್ ಗ್ಯಾರಿಯಟ್ 68,500 ಡಾಲರಿಗೆ ಕೊಂಡರು. ಅವರ ತಂದೆ ಅಮೆರಿಕದ ಗಗನಯಾತ್ರಿ. ಎನ್-1ಕ್ಕೆಂದು ಮಾಡಿದ್ದ ಎನ್‌ಕೆ-33 ಎಂಜಿನ್ನುಗಳನ್ನು ಒಡೆದುಹಾಕಲು ಆಜ್ಞೆಯಾಗಿದ್ದರೂ ಕಾರ್ಖಾನೆಯವರು ಉಳಿಸಿಕೊಂಡಿದ್ದರು. ಆ ಬಗೆಯ ಎಂಜಿನ್ ಬಾಳಲಾರದು, ಬಿಸಿ ಆಮ್ಲಜನಕಕ್ಕೆ ಲೋಹವೇ ಉರಿದುಹೋಗುತ್ತದೆ ಎಂದು ಅಮೆರಿಕದ ಎಂಜಿನಿಯರುಗಳು ನಂಬಿದ್ದರು. ನೋಡಿದ ಮೇಲೆ ಕೊಂಡರು. 2013ರಲ್ಲಿ ವರ್ಜೀನಿಯಾದಿಂದ ಹಾರಿದ ಅಂಟಾರಿಸ್ ರಾಕೆಟ್ಟಿನ ಅಡಿಯಲ್ಲಿ ನಾಲ್ಕು ದಶಕ ಹಳೆಯ ಆ ಎಂಜಿನ್ನುಗಳೇ ಇದ್ದವು. ಮರುವರ್ಷ ಒಂದು ಸಿಡಿದಾಗ ಟೀಕೆಯೂ ಬಂತು. 2011ರಿಂದ 2020ರವರೆಗೆ ಅಮೆರಿಕದ ಯಾತ್ರಿಗಳು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದದ್ದು ರಷ್ಯದ ಸೋಯುಜ್ ನೌಕೆಯಲ್ಲಿ ಸೀಟು ಕೊಂಡು. ಅದನ್ನು ಎತ್ತುತ್ತಿದ್ದದ್ದು ಸ್ಪುಟ್ನಿಕ್ಕನ್ನು ಎತ್ತಿದ ಆರ್-7ರ ವಂಶದ ರಾಕೆಟ್ಟು. ಅಮೆರಿಕದ ರಾಜಕಾರಣಿಗಳ ಬಾಯಲ್ಲಿ ಇದು ಪರಾವಲಂಬನೆಯ ಅವಮಾನವಾಯಿತು. ಅರ್ಧ ಶತಮಾನ ಸವೆದರೂ ಕೆಡದ ಒಂದು ವಿನ್ಯಾಸ ಹೇಗೆ ಸಾಧ್ಯವಾಯಿತು ಎಂಬ ಕುತೂಹಲ ಆ ಬಾಯಿಗಳಿಂದ ಕೇಳಿಬರಲಿಲ್ಲ.

ಆ ಕುತೂಹಲ ಬೇರೆ ಕಡೆ ಇತ್ತು. ಮೊದಲ ಗಾಡಿ ಲುನೊಖೋದ್-1 ಚಂದ್ರನ ಮೇಲೆ ಇಳಿದದ್ದು 1970ರ ನವೆಂಬರ್ 17ರಂದು. ಮರುವರ್ಷ ಸಂಪರ್ಕ ಕಡಿಯಿತು. ಎಲ್ಲಿ ನಿಂತಿದೆ ಎಂಬ ಕರಾರುವಾಕ್ಕಾದ ಲೆಕ್ಕ ಯಾರ ಬಳಿಯೂ ಇರಲಿಲ್ಲ. 2010ರಲ್ಲಿ ನಾಸಾದ ಚಂದ್ರ ಪರಿಭ್ರಮಕ ನೌಕೆಯ ಚಿತ್ರಗಳಲ್ಲಿ ಅದರ ಗುರುತು ಸಿಕ್ಕಿತು. ಏಪ್ರಿಲ್ 22ರಂದು ಟಾಮ್ ಮರ್ಫಿ ಅವರ ತಂಡ ನ್ಯೂ ಮೆಕ್ಸಿಕೊದ ದೂರದರ್ಶಕದಿಂದ ಅದರತ್ತ ಲೇಸರ್ ಬಿಟ್ಟಿತು. ಗಾಡಿಯ ಮೇಲಿದ್ದ, ಫ್ರೆಂಚರು ಮಾಡಿಕೊಟ್ಟಿದ್ದ ಕನ್ನಡಿ ಬೆಳಕನ್ನು ಹಿಂದಕ್ಕೆ ಕಳಿಸಿತು. ಅವರು ನಿರೀಕ್ಷಿಸಿದ್ದಕ್ಕಿಂತ ಬಹಳ ಹೆಚ್ಚು. ಅಮೆರಿಕದ ಈ ವಿಜ್ಞಾನಿಗಳಿಗೆ ಯಾರನ್ನೂ ಹಿಂದೆ ಹಾಕಬೇಕಿರಲಿಲ್ಲ. ಐನ್‌ಸ್ಟೈನರ ಗುರುತ್ವ ಸಿದ್ಧಾಂತವನ್ನು ಒರೆಗೆ ಹಚ್ಚಲು ಚಂದ್ರನ ಮೇಲೆ ಅಳೆಯುವುದಕ್ಕೆ ಇನ್ನೊಂದು ಬಿಂದು ಬೇಕಿತ್ತು, ಅದಕ್ಕೇ ಹುಡುಕಿದರು. ಅಪೊಲೊ ಯಾತ್ರಿಗಳು ಬಿಟ್ಟುಬಂದ ಮೂರು ಕನ್ನಡಿಗಳ ಸಾಲಿಗೆ ಈಗ ಅದೂ ಸೇರಿದೆ. ಚಂದ್ರನ ಅಂಚಿಗೆ ಹೆಚ್ಚು ಹತ್ತಿರ ಇರುವುದರಿಂದ ಕೆಲವು ಅಳತೆಗಳಿಗೆ ಉಳಿದವುಗಳಿಗಿಂತ ಅದೇ ಅನುಕೂಲ.